ಹೌದ್ರಿ ಅನ್ನಿಸಿದ ಟೂಲ್

೨೦೨೩ರಲ್ಲಿ ನಾನು ರೋಣದ ಒಂದು ಸಣ್ಣ ಕಂಪನಿಯಲ್ಲಿ ಸಿಸ್ಟಮ್ ಇಂಜಿನಿಯರ್ ಆಗಿದ್ದೆ. ರೋಣ, ನರಗುಂದ, ಗಜೇಂದ್ರಗಡದ ಖಾಸಗಿ ದವಾಖಾನೆಗಳ ರೋಗಿಗಳ ದಾಖಲೆಗಳನ್ನು ಕಂಪ್ಯೂಟರ್‌ನಲ್ಲಿ ಕಾಯ್ದಿಡುವುದು ನಮ್ಮ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಹೊಳೆಆಲೂರಿನಿಂದ ದಿನಾ ರೈಲಿನಲ್ಲಿ ಗದಗಕ್ಕೆ ಹೋಗಿ ಓದಿದವನು. ಆ ಹೆಮ್ಮೆ ಈಗಲೂ ಇದೆ. ಈ ಪ್ರಕರಣದಲ್ಲಿ ಅದೇ ಹೆಮ್ಮೆ ನನ್ನ ಬಾಯಿ ಕಟ್ಟಿತು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ದಾಖಲೆಗಳು ಇದ್ದದ್ದು ದೂರದ ಊರಿನ ಬಾಡಿಗೆ ಸರ್ವರ್‌ನಲ್ಲಿ. ಒಂದು ದೊಡ್ಡ ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದಲೇ ರೂಪಿಸಿದ ಪ್ರತ್ಯೇಕ ಕಂಪ್ಯೂಟರ್‌ಗೆ ವರ್ಚುವಲ್ ಮಷೀನ್ ಎನ್ನುತ್ತಾರೆ. ನಮ್ಮದು ಎನ್‌ಕ್ರಿಪ್ಟ್ ಆದದ್ದು. ಅಂದರೆ ಸರ್ವರ್‌ನ ಮಾಲೀಕನೂ ಅದರ ಮೆಮೊರಿ ಓದಲಾರ. ಆದರೆ ಶುರುವಾಗುವ ಹೊತ್ತಿನಲ್ಲೇ ಯಾರಾದರೂ ಬೇರೆ ಸಾಫ್ಟ್‌ವೇರ್ ತುರುಕಿದರೆ? ಅದಕ್ಕೆಂದೇ ಪ್ರೊಸೆಸರ್, ಶುರುವಾದ ಸಾಫ್ಟ್‌ವೇರ್‌ನ ಗುರುತನ್ನು ತೊಂಬತ್ತಾರು ಅಂಕಿ-ಅಕ್ಷರಗಳಲ್ಲಿ ಬರೆದು ಸಹಿ ಹಾಕಿ ಕೊಡುತ್ತದೆ. ಇದೇ ಮೆಷರ್‌ಮೆಂಟ್. ನಾವು ಮೊದಲೇ ತೆಗೆದಿಟ್ಟುಕೊಂಡ ಗುರುತಿಗೆ ಅದು ಹೊಂದಿದರೆ ಮಾತ್ರ ಡಿಸ್ಕ್ ತೆರೆಯುವ ಕೀ ಕೊಡಬೇಕು.

ಈ ತಪಾಸಣೆಗೆ ನಾನೊಂದು ಕಮಾಂಡ್ ಲೈನ್ ಟೂಲ್ ಬರೆದೆ, ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ನಡೆಸುವಂಥದ್ದು. ಸಹಿಯನ್ನು ಟೂಲೇ ಪರೀಕ್ಷಿಸುತ್ತಿತ್ತು. ಆದರೆ ಸರಿಯಾದ ಗುರುತನ್ನು ಅದೇ ನೆಟ್‌ವರ್ಕ್‌ನಲ್ಲಿ ಕಳಿಸಿದರೆ ಅದನ್ನೂ ತಿದ್ದಬಹುದು. ಹಾಗಾಗಿ ಅದನ್ನು ರೋಣದಿಂದ ಹಿರೇಮಠ ಸರ್ ಫೋನಿನಲ್ಲಿ ಓದಬೇಕು. ಗಜೇಂದ್ರಗಡದ ಶಾಖೆಯಲ್ಲಿ ಸಾವಿತ್ರಿ ಪರದೆ ನೋಡುತ್ತ ಹೋಲಿಸಬೇಕು. ಕೊನೆಗೆ ಟೂಲ್ ಕೇಳುತ್ತಿತ್ತು: ‘ಹೊಂದಿದೆಯೇ?’ ಆಕೆ ಹೌದು ಅಥವಾ ಇಲ್ಲ ಒತ್ತಬೇಕು.

ಹಿರೇಮಠ ಸರ್ ನಮ್ಮೆಲ್ಲರಿಗಿಂತ ಹಿರಿಯರು, ಕಾಲೇಜಿನಲ್ಲಿ ಪಾಠ ಹೇಳಿ ಬಂದವರು. ಸಾವಿತ್ರಿ ಮುಶಿಗೇರಿಯ ಹುಡುಗಿ, ಕೂಲಿ ಮಾಡುವವರ ಮಗಳು, ನನ್ನ ಹಾಗೆಯೇ ಮನೆಗೆ ಮೊದಲ ಪದವೀಧರೆ. ಅವರ ಫೋನ್ ಹೀಗೆ ನಡೆಯುತ್ತಿತ್ತು:

“ಏಳು, ಎಫ್, ಎರಡು, ಎರಡು...”

“ಹೌದ್ರಿ.”

“ಬಿ, ಸೊನ್ನಿ, ಒಂಬತ್ತು... ಯವ್ವಾ, ಕೇಳಾಕತ್ತೀಯಿಲ್ಲ? ನಿದ್ದಿ ಹತ್ತೇತೇನ?”

“ಹೌದ್ರಿ ಸರ್... ಅಯ್ಯ, ಅಲ್ರಿ, ಕೇಳಾಕತ್ತೀನ್ರಿ!”

ನಮ್ಮ ಕಡೆ ಹಿರಿಯರು ಮಾತಾಡುವಾಗ ಸುಮ್ಮನಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ. ನಡುನಡುವೆ ಹೌದ್ರಿ ಅನ್ನುತ್ತಲೇ ಇರಬೇಕು. ಹಾಗನ್ನುತ್ತಿದ್ದರೆ ಓದುವವರು ನಿಲ್ಲುವುದಿಲ್ಲ, ಕೇಳುವವರ ಕಣ್ಣು ಸಾಲು ತಪ್ಪುತ್ತದೆ. ಒಮ್ಮೆ ಆಕೆ ಇನ್ನೊಂದು ಸಲ ಓದಿರಿ ಎಂದಾಗ ಅವರು, “ಡಿಗ್ರಿ ಹ್ಯಾಂಗ ಪಾಸಾದಿವಾ ನೀ?” ಅಂದಿದ್ದರು. ಆಮೇಲೆ ಆಕೆ ಎಂದೂ ತಡೆಯಲಿಲ್ಲ. ರೋಣದಲ್ಲಿ ಅವರ ಪಕ್ಕದ ಕುರ್ಚಿಯಲ್ಲಿದ್ದ ನಾನು ಆ ಮಾತಿಗೆ ನಕ್ಕಿದ್ದೆ.

ಆ ವರ್ಷದ ಮಳೆಗಾಲದಲ್ಲಿ, ಟೂಲ್ ತಾನೇ ಬರೆದಿಡುವ ಲಾಗ್ ತಿರುವಿ ಹಾಕುತ್ತಿದ್ದಾಗ ಹೊಂದದ ಒಂದು ಮೆಷರ್‌ಮೆಂಟ್ ಕಣ್ಣಿಗೆ ಬಿತ್ತು. ಹನ್ನೊಂದು ದಿನ ನಮ್ಮ ಮಷೀನ್ ನಮ್ಮದಲ್ಲದ ಸಾಫ್ಟ್‌ವೇರ್‌ನೊಂದಿಗೆ ನಡೆದಿತ್ತು. ಕೀ ನಾವೇ ಕೊಟ್ಟಿದ್ದೆವು. ಅದು ಸರ್ವರ್ ಬಾಡಿಗೆಗೆ ಕೊಟ್ಟವರ ಅಪ್‌ಡೇಟೋ, ಯಾರಾದರೂ ದಾಖಲೆ ಓದಿದರೋ, ಇವತ್ತಿಗೂ ಗೊತ್ತಿಲ್ಲ. ಲಾಗ್‌ನಲ್ಲಿ ಸ್ಪಷ್ಟವಾಗಿದ್ದದ್ದು ಒಂದೇ: ಖಚಿತಪಡಿಸಿದವರು, ಸಾವಿತ್ರಿ.

ನಮ್ಮ ಕಂಪನಿಯ ಮಾಲೀಕರು ರೋಣದಲ್ಲಿ ಸಭೆ ಕರೆದರು.

“ನಾ ಸರಿಯಾಗೇ ಓದೀನಿ. ಆಕಿ ಹೌದ್ರಿ ಅಂದಾಳ,” ಎಂದರು ಹಿರೇಮಠ ಸರ್.

ಮಾಲೀಕರು ನನ್ನತ್ತ ತಿರುಗಿದರು. “ನಿನ್ನ ಟೂಲ್ ಬರೋಬ್ಬರಿ ಐತಿ, ಹೌದಿಲ್ಲೋ?”

ಸಾವಿತ್ರಿ ನನ್ನನ್ನೇ ನೋಡುತ್ತಿದ್ದಳು. ಮೂರೂ ಊರಿನ ಶಾಖೆಗಳಿಗೆ ನನ್ನನ್ನು ಮುಖ್ಯಸ್ಥನನ್ನಾಗಿ ಮಾಡುವ ಮಾತು ಆ ವಾರವೇ ನಡೆದಿತ್ತು. ನಾನು “ಹೌದ್ರಿ” ಅಂದೆ. ನಾಳೆಯಿಂದ ಬರುವುದು ಬೇಡ ಎಂದು ಆಕೆಗೆ ಅಲ್ಲೇ ಹೇಳಿದರು.

ಬಸ್‌ಸ್ಟ್ಯಾಂಡಿನವರೆಗೆ ಆಕೆಯ ಹಿಂದೆ ಹೋದೆ. ಆಕೆಯೇ ಕೇಳಿದಳು: “ಟೂಲ್ ನನ್ನ ಕೇಳೇತಿ, ಖರೇ. ಹಿರೇಮಠ ಸರ್‌ಗೆ ಇಲ್ಲ ಅನ್ನೂದು ಹ್ಯಾಂಗ್ರಿ ಅಣ್ಣಾರ? ನೀವರ ಒಮ್ಮೆ ಅಂದೀರೇನು?”

ನಾನು ಅಂದಿರಲಿಲ್ಲ. ಆಕೆ ಉತ್ತರಕ್ಕೆ ಕಾಯದೆ ಬಸ್ ಹತ್ತಿದಳು.

ಟೂಲ್ ಬದಲಿಸಿದೆ. ಈಗ ಅದು ಹೊಂದಿದೆಯೇ ಎಂದು ಕೇಳುವುದಿಲ್ಲ. ಪ್ರೊಸೆಸರ್ ಕೊಟ್ಟ ಗುರುತನ್ನು ಮರೆಯಲ್ಲಿಟ್ಟು, ಫೋನಿನಲ್ಲಿ ಕೇಳಿದ ಅಕ್ಷರಗಳನ್ನು ಟೈಪ್ ಮಾಡಿಸಿಕೊಂಡು ತಾನೇ ಹೋಲಿಸುತ್ತದೆ. ಒಂದಕ್ಷರ ತಪ್ಪಿದರೂ ಕೀ ಇಲ್ಲ. ಮೊದಲ ದಿನವೇ ಹಿರೇಮಠ ಸರ್ ಅವಸರದಲ್ಲಿ ಓದಿದ್ದು ಎರಡು ಸಲ ತಿರಸ್ಕೃತವಾಯಿತು. “ಈ ಹಾಳಾದ್ದಕ್ಕ ಸಣ್ಣವರು ದೊಡ್ಡವರು ಗೊತ್ತಾಗೂದಿಲ್ಲೇನ?” ಎಂದು ಬೈಯುತ್ತಲೇ ಮೂರನೆಯ ಸಲ ನಿಧಾನವಾಗಿ ಓದಿದರು.

ಅದನ್ನು ಕಂಡ ಮೇಲೆ ಧೈರ್ಯ ಬಂದು, ತಪ್ಪು ನನ್ನ ವಿನ್ಯಾಸದಲ್ಲಿತ್ತು, ಸಾವಿತ್ರಿಯನ್ನು ಮರಳಿ ಕರೆಯಿರಿ ಎಂದು ಮಾಲೀಕರಿಗೆ ಬರೆದುಕೊಟ್ಟೆ. ಓದಿ ಮಡಚಿಟ್ಟರು. “ಈಗ್ಯಾಕಪಾ ಅದು? ಆ ಜಾಗಾಕ್ಕ ಬ್ಯಾರೇದಾಕಿ ಬಂದಾಳ.” ಮುಖ್ಯಸ್ಥನ ಹುದ್ದೆಯನ್ನು ನಾನು ಬೇಡ ಅನ್ನಲಿಲ್ಲ.

ಕೆಲಸಕ್ಕೆ ಸೇರುವ ಹೊಸಬರಿಗೆ ಈಗ ಹೇಳುವುದಿಷ್ಟು. ಇಲ್ಲ ಎನ್ನಲು ಆಸ್ಪದವಿಲ್ಲದವರ ಮುಂದೆ ಹೌದೋ ಇಲ್ಲವೋ ಎಂಬ ಪ್ರಶ್ನೆ ಇಡುವ ಟೂಲ್ ಬರೆಯಬೇಡಿ. ಬರೆದು ತಪ್ಪಾದರೆ, ಅದನ್ನು ಒಪ್ಪಿಕೊಳ್ಳಬೇಕಾದ್ದು ಸಭೆಯಲ್ಲಿ ನಿಮ್ಮನ್ನು ಕೇಳಿದ ಗಳಿಗೆಯಲ್ಲಿ. ನಾನು ಮೂರು ವಾರ ತಡ ಮಾಡಿದೆ.