ತಂತಿಯ ಮೇಲಿನ ಕಿತ್ತಳೆ ಅಂಗಿಗಳು

ನಮ್ಮ ಮನೆಯ ತಾರಸಿಯ ಮೇಲೆ ಬಟ್ಟೆ ಒಣಹಾಕುವ ತಂತಿಗಳಿವೆ. ಬಾಡಿಗೆಗಿರುವವರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ತಂತಿಗಳು ಹೇಳಿದ್ದು. ಮನೆ ಕೊಡುವ ಮುಂಚೆ ಆಧಾರ್ ಕಾರ್ಡು, ಆಫೀಸಿನ ಗುರುತುಚೀಟಿ ಎಲ್ಲವನ್ನೂ ನನ್ನ ಮಗ ಮಂಜುನಾಥ ನೋಡುತ್ತಾನೆ. ನೋಡಿ ಏನು ಬಂತು? ಕಾರ್ಡಿನಲ್ಲಿ ಎಲ್ಲರ ಮುಖವೂ ಒಂದೇ ಥರ ಗಾಬರಿಯಾಗಿರುತ್ತದೆ. ತಂತಿ ಹಾಗಲ್ಲ. ಹೊಸದಾಗಿ ಮದುವೆಯಾದವರ ತಂತಿಯಲ್ಲಿ ಕ್ಲಿಪ್ಪುಗಳು ಸಾಲಾಗಿ ಕೂತಿರುತ್ತವೆ, ವರ್ಷ ಕಳೆಯುವಷ್ಟರಲ್ಲಿ ಅರ್ಧ ನೆಲದ ಮೇಲಿರುತ್ತವೆ. ಬೆಡ್‌ಶೀಟು ಒಣಗುತ್ತಿದ್ದರೆ ಊರಿಂದ ತಾಯಿ ಬಂದಿದ್ದಾಳೆಂದು ಅರ್ಥ. ಕೆಲಸ ಕಳೆದುಕೊಂಡ ಹುಡುಗ ಬುಧವಾರ ಮಟಮಟ ಮಧ್ಯಾಹ್ನ ಪ್ಯಾಂಟು ಹರವುತ್ತಾನೆ, ಹರವಿ ಸುಮ್ಮನೆ ಅಲ್ಲೇ ನಿಲ್ಲುತ್ತಾನೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆಯಲು ಕೂತರೆ ಒತ್ತಕ್ಷರ ಎಲ್ಲಿ ಹಾಕಬೇಕೆಂದು ಈಗಲೂ ಮೊಮ್ಮಗಳನ್ನು ಕೇಳುತ್ತೇನೆ. ಆದರೆ ತಂತಿಯನ್ನು ಮಾತ್ರ ತಪ್ಪಿಲ್ಲದೆ ಓದುತ್ತೇನೆಂಬ ಜಂಬ ಮೊನ್ನೆ ಮೊನ್ನೆಯವರೆಗೂ ಇತ್ತು. ಅದು ಇಳಿದದ್ದು ಹೇಗೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮದು ಸುದ್ದಗುಂಟೆಪಾಳ್ಯ. ಈಗ ಮೂರು ಮಹಡಿ ಎದ್ದಿರುವ ಈ ಜಾಗದಲ್ಲಿ ನಾವು ಸೊಪ್ಪು ಬೆಳೆಯುತ್ತಿದ್ದೆವು. ಈಗ ಬಾಡಿಗೆದಾರರನ್ನು ಬೆಳೆಯುತ್ತೇವೆ. ಸೊಪ್ಪಿಗೆ ನೀರು ಹಾಯಿಸಿದರೆ ಸಾಕಿತ್ತು, ಇವರಿಗೆ ಬಿಸಿನೀರು ಬೇಕು, ವೈಫೈ ಬೇಕು. ದೂರುವುದಿಲ್ಲ. ಸೊಪ್ಪು ನನ್ನನ್ನು ಅಜ್ಜಿ ಎಂದು ಕರೆದದ್ದಿಲ್ಲ.

ಮೊಮ್ಮಗಳು ಪಲ್ಲವಿ ಬಿ.ಕಾಂ. ಮುಗಿಸಿದಳು. ಊರ ತುಂಬ ದೊಡ್ಡ ದೊಡ್ಡ ದಿನಸಿ-ತರಕಾರಿ ಅಂಗಡಿಗಳನ್ನು ಇಟ್ಟಿರುವ ಒಂದು ಕಂಪನಿಯವರು ಅವಳನ್ನು ‘ಗ್ರಾಜುಯೇಟ್ ಟ್ರೈನಿ’ ಎಂದು ಆರಿಸಿಕೊಂಡರು. ಹೆಸರು ಕೇಳಲು ಗಂಭೀರವಾಗಿದೆ, ಕೆಲಸ ಕೇಳಿ: ಬೆಳಗ್ಗೆ ಲಾರಿ ಬರುವ ಹೊತ್ತಿಗೆ ಅಂಗಡಿಯಲ್ಲಿರಬೇಕು, ತರಕಾರಿ ಕ್ರೇಟು ಇಳಿಸಬೇಕು, ಜೋಡಿಸಬೇಕು, ಬಿಲ್ಲು ಹಾಕಬೇಕು, ಗಿರಾಕಿ ಬೈದರೆ ನಗಬೇಕು. ಹಬ್ಬಕ್ಕೆ ರಜೆಯಿಲ್ಲ, ಏಕೆಂದರೆ ಹಬ್ಬದ ದಿನವೇ ಊರಿಗೆಲ್ಲ ಕುಂಬಳಕಾಯಿ ಬೇಕು. ಹೀಗೆ ಒಂದು ವರ್ಷ ತಾಳಿಕೊಂಡವರಿಗೆ ಆಫೀಸಿನಲ್ಲಿ ಒಳ್ಳೆಯ ಹುದ್ದೆ. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು.

ಮನೆಯಲ್ಲಿ ಯುದ್ಧ ಶುರುವಾಯಿತು.

“ಡಿಗ್ರಿ ಓದಿಸಿದ್ದು ಈರುಳ್ಳಿ ಮೂಟೆ ಹೊರೋಕಾ?” ಎಂದ ಮಂಜುನಾಥ. “ಜಯನಗರದಲ್ಲಿ ನಮ್ ಫ್ರೆಂಡ್ ಆಫೀಸಿದೆ. ಎ.ಸಿ. ರೂಮು, ಫೋನ್ ಎತ್ತೋದಷ್ಟೇ ಕೆಲಸ. ಊಟಕ್ಕೆ ಮನೆಗೇ ಬರಬಹುದು.”

“ಫೋನ್ ಹಿಡ್ಕೊಂಡು ಕೂರೋದನ್ನ ಅವಳು ಸಂಬಳ ಇಲ್ದೇನೇ ಮಾಡ್ತಿದ್ದಾಳಲ್ಲ ರೀ,” ಎಂದಳು ಸೊಸೆ ಶೋಭಾ. “ಎದ್ದು ನಾಲ್ಕು ಜನರ ಮಧ್ಯೆ ಓಡಾಡ್ಲಿ. ಹೋಗ್ಲಿ ಬಿಡಿ.”

“ಜನ ಏನಂತಾರೆ? ಮೂರು ಮಹಡಿ ಮನೆ ಇಟ್ಕೊಂಡು ಮಗಳನ್ನ ತರಕಾರಿ ಅಂಗಡಿಗೆ ಕಳಿಸಿದಾನೆ ಅನ್ನಲ್ವಾ?”

ತರಕಾರಿ ಎಂದರೆ ಮೂಗು ಮುರಿಯುವ ಈ ಮಹಾಶಯನನ್ನು ಸೊಪ್ಪಿನ ಕುಕ್ಕೆಯ ಪಕ್ಕ ಮಲಗಿಸಿ ನಾನು ಜಯನಗರದಲ್ಲಿ ವ್ಯಾಪಾರ ಮಾಡಿದ್ದೇನೆ. ಈಗ ಅದನ್ನು ನೆನಪಿಸಿದರೆ ಬಿ.ಪಿ. ಮಾತ್ರೆ ಹುಡುಕುತ್ತಾನೆ. ಆದರೂ ನಗು ಬಂತು: ನನ್ನ ಮಕ್ಕಳ ತಲೆಯ ಮೇಲೆ ಸೊಪ್ಪು ಇರಬಾರದೆಂದು ನಾನು ಹೊತ್ತೆ, ಮೊಮ್ಮಗಳು ಪದವಿ ಪಡೆದು ಅದೇ ಸೊಪ್ಪಿನ ಹತ್ತಿರಕ್ಕೆ ಇಂಗ್ಲಿಷಿನಲ್ಲಿ ಹೊರಟಿದ್ದಾಳೆ.

ಪಲ್ಲವಿ ನನ್ನ ಪಕ್ಕ ಬಂದು ಕೂತಳು. “ಅಜ್ಜಿ, ನಂಗೆ ಗೊತ್ತಾಗ್ತಿಲ್ಲ. ನೀನು ಹೇಳಿದ್ದೇ ಫೈನಲ್.”

ಇಂಥ ಮರ್ಯಾದೆ ಬಲು ಅಪಾಯದ್ದು. ಹೋಗು ಅಂದು ಅವಳು ಅತ್ತುಕೊಂಡು ಬಂದರೆ ಅಜ್ಜಿ ಹೇಳಿದ್ದು. ಬೇಡ ಅಂದು ನಲವತ್ತನೇ ವಯಸ್ಸಿನಲ್ಲೂ ಫೋನ್ ಎತ್ತುತ್ತಾ ಕೂತಿದ್ದರೆ ಆಗಲೂ ಅಜ್ಜಿ ಹೇಳಿದ್ದು, ಅಷ್ಟು ಹೊತ್ತಿಗೆ ನಾನು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಉತ್ತರ ಕೊಡಲಾಗದೆ ನೋಡುತ್ತಿರುತ್ತೇನೆ. ಆದ್ದರಿಂದ ನನಗೆ ನಂಬಿಕೆಯಿರುವ ಕಡೆಗೇ ಹೋದೆ, ತಾರಸಿಗೆ.

ಮೇಲಿನ ರೂಮಿನಲ್ಲಿ ಗದಗದ ಕಡೆಯ ಅಕ್ಷತಾ ಎಂಬ ಹುಡುಗಿ ಒಬ್ಬಳೇ ಇದ್ದಾಳೆ. ಕಳೆದ ವರ್ಷ ಬಂದವಳು, ಅದೇ ಕಂಪನಿ, ಅದೇ ಟ್ರೈನಿ ಕೆಲಸ. ನಾನು ಏಳುವ ಹೊತ್ತಿಗೆ ಹೋಗಿರುತ್ತಾಳೆ, ನಾನು ಧಾರಾವಾಹಿ ಮುಗಿಸಿದರೂ ಬಂದಿರುವುದಿಲ್ಲ. ಹೀಗಾಗಿ ನನ್ನ ಪಾಲಿಗೆ ಅವಳೆಂದರೆ ಅವಳ ತಂತಿ. ಅದರ ಮೇಲೆ ಕಂಪನಿಯ ಕಿತ್ತಳೆ ಬಣ್ಣದ ಟೀ ಶರ್ಟುಗಳು ನೇತಾಡುತ್ತಿದ್ದವು. ಹಿಂದಿನ ಭಾನುವಾರ ಹಾಕಿದ್ದು, ಅಂದು ಶನಿವಾರ. ನಮ್ಮಲ್ಲಿ ಒಂದು ಕಟ್ಟಳೆಯಿದೆ: ಎರಡು ದಿನ ಕಳೆದರೂ ಇಳಿಸದ ಬಟ್ಟೆಯನ್ನು ನಾನೇ ಇಳಿಸಿ ನೀರಿನ ಟ್ಯಾಂಕಿನ ಪಕ್ಕದ ಬಕೆಟ್ಟಿಗೆ ಹಾಕುತ್ತೇನೆ. ಆ ವಾರ ಮಂಡಿನೋವೆಂದು ಮೇಲೆ ಹತ್ತಿರಲಿಲ್ಲ. ಬಿಸಿಲಿಗೆ ಅಂಗಿಗಳು ಹಪ್ಪಳದಂತಾಗಿದ್ದವು. ಒಗೆದ ಬಟ್ಟೆ ಇಳಿಸಲೂ ಪುರುಸೊತ್ತು ಕೊಡದ ಕೆಲಸ ಅದೆಂಥ ಕೆಲಸ? ನನ್ನ ಓದು ಮುಗಿಯಿತು. ತೀರ್ಪು ಸಿಕ್ಕಿತು. ಬಕೆಟ್ಟಿನ ವಿಚಾರ ಮರೆತು ಕೆಳಗಿಳಿದೆ.

“ಬೇಡ ಕಣೇ,” ಎಂದೆ ಊಟಕ್ಕೆ ಕೂತಾಗ. “ಆ ಕೆಲಸ ಮನುಷ್ಯರಿಗಲ್ಲ.”

ಮಂಜುನಾಥ ಖುಷಿಯಲ್ಲಿ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಪಲ್ಲವಿ “ಸರಿ” ಎಂದಳು. ಅಷ್ಟೇ. ತಟ್ಟೆ ತೊಳೆದಿಟ್ಟು ರೂಮಿಗೆ ಹೋದಳು.

ಆ ‘ಸರಿ’ ನನಗೆ ಸರಿಹೋಗಲಿಲ್ಲ. ಬಟಾಣಿ ತಿನ್ನು ಅಂದರೂ ಯಾಕೆ ಎಂದು ಕೇಳಿ ಬೆಳೆದ ಹುಡುಗಿ ಅದು. ಒಂದೇ ಮಾತಿಗೆ ಸರಿ ಅನ್ನುವುದು ಏನೆಂದು ನನಗೆ ಚೆನ್ನಾಗಿ ಗೊತ್ತು, ನಾನು ಮದುವೆಗೆ ಅಂದದ್ದು ಹಾಗೆಯೇ. ಹುಡುಗಿ ನೋಡಲು ಬಂದವರು ನನಗೆ ರಾಗಿ ಬೀಸಲು ಬರುತ್ತದಾ, ಹಾಡು ಬರುತ್ತದಾ ಎಂದೆಲ್ಲ ಕೇಳಿದರು. ನಿಮ್ಮಲ್ಲಿ ಎಷ್ಟು ಹಸುಗಳಿವೆ, ಸಗಣಿ ಬಾಚುವವರು ಯಾರು ಎಂದು ನಾನು ತಿರುಗಿ ಕೇಳಲಿಲ್ಲ. ಗಂಡನ ಮನೆಗೆ ಬಂದ ಮಾರನೆಯ ಬೆಳಗ್ಗೆಯೇ ಉತ್ತರ ಸಿಕ್ಕಿತು. ಈಗಿನವರ ಲೆಕ್ಕದಲ್ಲಿ ನಾನೂ ಟ್ರೈನಿಯೇ. ವ್ಯತ್ಯಾಸವೆಂದರೆ ನನ್ನ ಟ್ರೈನಿಂಗ್ ಮುಗಿದದ್ದು ಅತ್ತೆ ತೀರಿಕೊಂಡ ಮೇಲೆ.

ಮನಸ್ಸು ತಡೆಯದೆ ಮತ್ತೆ ಮೆಟ್ಟಿಲು ಹತ್ತಿದೆ. ಬಕೆಟ್ಟಿನ ನೆಪವಂತೂ ಇತ್ತು. ತಾರಸಿಯ ನೆರಳಿನಲ್ಲಿ ಅಕ್ಷತಾ ಒಳ್ಳೆಯ ಹಸಿರು ಚೂಡಿದಾರ ಹಾಕಿಕೊಂಡು, ಕಾಲು ಚಾಚಿ ಕೂತು ಚುರುಮುರಿ ತಿನ್ನುತ್ತಿದ್ದಳು. ಶನಿವಾರ ಹಗಲಲ್ಲಿ ಅವಳನ್ನು ಕಂಡದ್ದು ಅದೇ ಮೊದಲು.

“ಏನಮ್ಮಾ, ಕೆಲಸ ಬಿಟ್ಯಾ?”

“ಯಾಕ್ರೀ ಅಜ್ಜಿ, ಬಿಡಾಕ ಹುಚ್ಚ ಏನು ನನಗ? ಟ್ರೇನಿಂಗ್ ಮುಗೀತ್ರಿ. ಈ ವಾರದಿಂದ ಆಫೀಸಿನ್ಯಾಗ ಕುಂದ್ರತೀನಿ. ಇವತ್ತ ಸೂಟಿ.”

“ಮತ್ತೆ ಈ ಅಂಗಿಗಳನ್ನ ಯಾಕೆ ಇಳಿಸಿಲ್ಲ?”

“ಅವನ್ನ ಇನ್ನ ಹಾಕ್ಕೊಳ್ಳೂದಿಲ್ಲಲ್ರೀ. ನೋಡಿದ್ರ ಸಿಟ್ಟು ಬರ್ತದ. ಬಿಸಿಲಾಗ ಬಣ್ಣಾದ್ರೂ ಹೋಗ್ಲಿ ಅಂತ ಅಲ್ಲೇ ಬಿಟ್ಟೀನಿ.”

ನಾನು ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ಬಟ್ಟೆ ಇಳಿಸಲು ಬಿಡುವಿಲ್ಲದವಳ ತಂತಿಯೆಂದು ಓದಿದ್ದು, ಬಿಡುವು ಸಿಕ್ಕವಳ ತಂತಿಯಾಗಿತ್ತು! ಅಷ್ಟರಲ್ಲಿ ತನ್ನ ಟವೆಲು ತೆಗೆಯುವ ನೆವದಲ್ಲಿ ಪಲ್ಲವಿಯೂ ಮೇಲೆ ಬಂದಳು. ನಾನು ಸುತ್ತು ಬಳಸದೆ ಅಕ್ಷತಾಳನ್ನೇ ಕೇಳಿದೆ: ಇವಳಿಗೂ ಅದೇ ಕೆಲಸ ಬಂದಿದೆ, ಹೋಗಬೇಕೋ ಬೇಡವೋ, ನಿಜ ಹೇಳು.

“ಸುಳ್ಳ್ಯಾಕ ಹೇಳ್ಲಿ?” ಎಂದು ಅಕ್ಷತಾ ಚುರುಮುರಿ ಪಕ್ಕಕ್ಕಿಟ್ಟಳು. “ಮೊದಲ ಹಾಕಿದ್ ಅಂಗಡ್ಯಾಗ ಮ್ಯಾನೇಜರ್ ಬರೇ ಡಬ್ಬಿ ಹೊರಿಸಿದ. ದಿನಾ ಬಾತ್‌ರೂಮಿಗೆ ಹೋಗಿ ಅಳತಿದ್ದೆ. ಆಮ್ಯಾಲ ಜೆ.ಪಿ. ನಗರದ ಅಂಗಡಿಗೆ ಹಾಕಿದ್ರು. ಅಲ್ಲೊಬ್ರು ಮೇಡಂ ಅದಾರ. ಅವರೂ ಹೊರಿಸಿದ್ರು, ಇನ್ನೂ ಜಾಸ್ತಿನ ಹೊರಿಸಿದ್ರು. ಆದ್ರ ಈ ಟೊಮೇಟೊ ಯಾಕ ಮುಂದ, ಆ ಟೊಮೇಟೊ ಯಾಕ ಹಿಂದ, ಎಲ್ಲಾ ಹೇಳಿ ಹೊರಿಸಿದ್ರು. ಅಲ್ಲಿ ಒಂದಿನಾನೂ ಅತ್ತಿಲ್ರಿ. ಬೈದೀನಿ, ಅತ್ತಿಲ್ಲ.”

ನನಗೆ ಥಟ್ಟನೆ ಅತ್ತೆ ಕಣ್ಣ ಮುಂದೆ ಬಂದಳು. ನಾನು ಕಟ್ಟಿದ ಕೊತ್ತಂಬರಿ ಕಟ್ಟುಗಳನ್ನು ಬಿಚ್ಚಿ ಮತ್ತೆ ಕಟ್ಟಿಸುತ್ತಿದ್ದ ಹೆಂಗಸು. ಬಿಚ್ಚುವಾಗ ಬೈಯುತ್ತಿದ್ದಳು, ಕಟ್ಟಿಸುವಾಗ ಕಾರಣ ಹೇಳುತ್ತಿದ್ದಳು: ಬೇರುಗಳೆಲ್ಲ ಒಂದೇ ಕಡೆಗಿರಲಿ, ಇಲ್ಲದಿದ್ದರೆ ಮಣ್ಣು ಎಲೆಗೆ ಹತ್ತಿ ಜಯನಗರ ಮುಟ್ಟುವಷ್ಟರಲ್ಲಿ ಕೊಳೆಯುತ್ತದೆ. ಆ ಬೈಗುಳವನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಆದರೆ ಗಂಡ ಹೋದ ಮೇಲೆ ಮಕ್ಕಳನ್ನು ಸಾಕಿದ್ದು ಆ ಕಟ್ಟುಗಳೇ. ನನ್ನನ್ನು ಮುದ್ದು ಮಾಡಿದ ದೊಡ್ಡತ್ತೆ ಒಬ್ಬಳಿದ್ದಳು, ಏನೂ ಕಲಿಸದೆ ಹೋದಳು. ಅವಳ ಹೆಸರು ನೆನಪಿಸಿಕೊಳ್ಳಲು ಈಗ ಸ್ವಲ್ಪ ಹೊತ್ತು ಬೇಕು.

“ಅಕ್ಕಾ, ಆ ಮೇಡಂ ಈಗ್ಲೂ ಅಲ್ಲೇ ಇದಾರಾ?” ಎಂದು ಪಲ್ಲವಿ ಕೇಳಿದಳು. ಧ್ವನಿಗೆ ಜೀವ ಬಂದಿತ್ತು.

“ಅಲ್ಲೇ ಅದಾರ. ಕೇಳಿ ನೋಡು, ಅಲ್ಲೇ ಹಾಕಸ್ಕೋ. ಬಾಯಿ ಬಿಟ್ಟು ಕೇಳಿದ್ರ ಅವರೇನು ನುಂಗೂದಿಲ್ಲ.”

ನಾನು ಕೈ ಎತ್ತಿಬಿಟ್ಟೆ. “ನೋಡೇ, ಮಧ್ಯಾಹ್ನ ನಾನು ಹೇಳಿದ್ದು ರದ್ದು. ನನ್ನ ಓದು ತಪ್ಪಾಗಿತ್ತು. ಇನ್ನು ನೀನುಂಟು, ನಿನ್ನ ಕಂಪನಿಯುಂಟು.” ಹಾಗೆಂದಾಗ ನನ್ನ ತಲೆಯ ಮೇಲಿಂದ ತುಂಬಿದ ಕುಕ್ಕೆಯೊಂದನ್ನು ಯಾರೋ ಕೆಳಗಿಳಿಸಿದಂತಾಯಿತು. ಯಜಮಾನಿಕೆ ಬಿಡುವುದು ಇಷ್ಟು ಹಗುರವೆಂದು ಗೊತ್ತಿದ್ದರೆ ಎಂದೋ ಬಿಡುತ್ತಿದ್ದೆ.

ಸೋಮವಾರ ಬೆಳಗ್ಗೆ ಹಾಲ್‌ನಲ್ಲಿ ಅಡ್ಡಾಡುತ್ತಾ ಅವಳು ಕಂಪನಿಗೆ ಫೋನ್ ಮಾಡಿದಳು. ಮಂಜುನಾಥ ಪೇಪರು ಹಿಡಿದು ಓದದೆ ಕೂತಿದ್ದ. “ಸಾರ್, ಸೇರೋಕೆ ಮುಂಚೆ ಒಂದ್ ಕೇಳ್ಬೇಕಿತ್ತು. ಟ್ರೈನಿಂಗ್ ಜೆ.ಪಿ. ನಗರದ ಸ್ಟೋರಲ್ಲಿ ಕೊಡೋಕಾಗುತ್ತಾ?... ಮೊದಲ್ನೇ ಮೂರು ತಿಂಗಳು ಮಾತ್ರಾನಾ? ಆಮೇಲೆ ಎಲ್ಲಿ ಬೇಕಾದ್ರೂ ಹಾಕ್ತೀರಾ?... ಅಷ್ಟು ಸಾಕು ಸಾರ್. ಬರ್ತೀನಿ.”

ಎಷ್ಟು ಸಲೀಸು! ಕೆಲಸ ಕೊಡುವವರನ್ನು ತಿರುಗಿ ಕೇಳಬಹುದೆಂಬುದೇ ನನ್ನ ತಲೆಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಕೇಳಿದರೆ ಪೂರ್ತಿ ಸಿಗಲಿಕ್ಕಿಲ್ಲ, ಮೂರು ತಿಂಗಳಷ್ಟಾದರೂ ಸಿಗುತ್ತದೆ. ಮಂಜುನಾಥ ಪೇಪರಿನ ಹಿಂದಿನಿಂದ, “ಸ್ಕೂಟರ್ ಸರ್ವೀಸ್ ಮಾಡಿಸ್ಬೇಕು, ಬೆಳಗ್ಗೆ ಬಿಟ್ಟು ಬರೋಕೆ,” ಎಂದು ಗೊಣಗಿದ. ಅದು ಅವನ ಹೂಂ.

ಈಗ ನಮ್ಮ ತಂತಿಯ ಮೇಲೂ ಕಿತ್ತಳೆ ಅಂಗಿಗಳಿವೆ. ಅಕ್ಷತಾ ತನ್ನವನ್ನು ಕೊನೆಗೂ ಇಳಿಸಿ ರೂಮು ಒರೆಸಲು ಇಟ್ಟುಕೊಂಡಿದ್ದಾಳೆ. ಪಲ್ಲವಿ ಮೊದಲ ವಾರ ಕೈಯಲ್ಲಿ ಮುದ್ದೆ ಹಿಡಿದೇ ತೂಕಡಿಸಿದಳು. ಎರಡನೇ ವಾರ ಶೋಭಾಳ ಅಡಿಗೆಮನೆಗೆ ನುಗ್ಗಿ ಟೊಮೇಟೊ ಬುಟ್ಟಿಯನ್ನು ಹಿಂದುಮುಂದು ಮಾಡಿ ಬೈಸಿಕೊಂಡಳು. ಆಗ ನನಗೆ ಧೈರ್ಯ ಬಂತು.

ನಿನ್ನೆ ನೋಡಿದರೆ ಅವಳ ಅಂಗಿಗಳು ಕಟ್ಟಳೆ ಮೀರಿ ತಂತಿಯ ಮೇಲೆಯೇ ಇದ್ದವು. ಹಿಂದಿನ ನಾನಾಗಿದ್ದರೆ ಅಲ್ಲೇ ನಿಂತು ಅರ್ಥ ಬಿಡಿಸುತ್ತಿದ್ದೆ. ಈಗ ಮೆಟ್ಟಿಲ ತುದಿಯಿಂದಲೇ ಕೂಗಿದೆ: “ಏ ಪಲ್ಲವಿ, ಅಂಗಿ ಯಾಕೆ ಇಳಿಸಿಲ್ವೇ?”

“ಮರ್ತೋಯ್ತು ಅಜ್ಜೀ!”

ಅಷ್ಟೇ ಅಂತೆ. ಅಂಗಿಗಳನ್ನು ಎಳೆದು ಬಕೆಟ್ಟಿಗೆ ಹಾಕಿದೆ, ಮೊಮ್ಮಗಳೆಂದು ಕಟ್ಟಳೆ ಬದಲಾಗುವುದಿಲ್ಲ. ಹಾಕುವಾಗ ಗಮನಿಸಿದೆ: ಬಣ್ಣ ಇನ್ನೂ ಕಣ್ಣು ಕುಕ್ಕುವಂತಿದೆ. ಬಿಸಿಲಿಗೆ ಬೇಕಾದಷ್ಟು ಕೆಲಸ ಬಾಕಿಯಿದೆ.