ಹೆಪ್ಪು ಹಾಕಿದ ಹೊಲ

ಮೊಮ್ಮಗ ಮೊನ್ನೆ ಹೊಸ ಚರ್ಮದ ಚೀಲ ತಂದು ತೋರಿಸಿದ. ದುಡ್ಡು ಜಾಸ್ತಿ ಕೊಟ್ಟೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಹೊಳೆನರಸೀಪುರದ ಹೊರಗೆ ನಮ್ಮ ಪಕ್ಕದ ಹೊಲದ ದೊಡ್ಡವ್ವ ನೆನಪಾದಳು...

ಯುದ್ಧದ ಕಾಲ. ಸಿಪಾಯಿಗಳ ಬೂಟಿಗೆಂದು ಅವಳ ಹೊಲದ ಮೇಲ್ಗಡೆ ಚರ್ಮ ಹದ ಮಾಡುವ ಕಾರ್ಖಾನೆ ಎದ್ದಿತ್ತು. ಚರ್ಮ ನೆನೆಹಾಕುವ ತೊಟ್ಟಿಗಳನ್ನು ಬರಿದು ಮಾಡಿದಾಗಲೆಲ್ಲ ಸುಣ್ಣ, ಉಪ್ಪು ಬೆರೆತ ಕೊಳಕು ನೀರು ನೇರ ಅವಳ ಹೊಲಕ್ಕೇ ಇಳಿಯುತ್ತಿತ್ತು. ಎರಡೇ ಬೆಳೆಗೆ ಮಣ್ಣು ಸತ್ತಿತು. ಹಾಕಿದ ಗೊಬ್ಬರವೂ ಕೊಳೆಯದೆ ಹಾಗೇ ಬಿದ್ದಿರುತ್ತಿತ್ತು. ಗಂಡನಿಲ್ಲದ ಅವಳ ಹೊಟ್ಟೆಗಿದ್ದದ್ದು ಅದೊಂದೇ ಹೊಲ.

ಆಗ ನಾನು ದನದ ವ್ಯಾಪಾರದಲ್ಲಿ ಕಾಲೂರಿದ್ದೆ. ಸಿಕ್ಕಷ್ಟಕ್ಕೆ ಮಾರಿಬಿಡು, ಹಳೇಕೋಟೆ ಕಡೆ ಬೇರೆ ಹೊಲ ಕೊಡಿಸುತ್ತೇನೆ ಎಂದೆ.

"ಹಾಲು ಒಡೆದೋಯ್ತು ಅಂತ ಹಸ ಮಾರ್ತಾರೇನ್ಲಾ? ಎತ್ತಿನ ಹಲ್ಲು ನೋಡೋನಿಗೆ ಮಣ್ಣಿನ ಸಂಗ್ತಿ ಏನ್ ಗೊತ್ತು."

ಮಲ್ಲಿಪಟ್ಟಣದ ತವರಿಗೆ ಹೋಗಿ, ಅಲ್ಲಿನ ಹೊಂಗೆಮರದಡಿಯ ಕರಿಮಣ್ಣನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು. ತವರಿನಿಂದ ಮಡಿಲಕ್ಕಿ ತರುವುದನ್ನು ಕಂಡಿದ್ದೆವು. ಮಡಿಲ ತುಂಬ ಮಣ್ಣು ಕಂಡು ಊರು ನಕ್ಕಿತು. ಹಾಲಿನಂತೆ ಮಣ್ಣಿಗೂ ಹೆಪ್ಪು ಹಾಕಬೇಕೆಂಬುದು ಅವಳ ನಂಬಿಕೆ. ಸಾಲು ಸಾಲಿಗೂ ಒಂದಿಷ್ಟು ಉದುರಿಸಿ, ಗೋಣಿತಾಟು ನೆನೆಸಿ ಹೊದಿಸಿದಳು.

"ಹೆಪ್ಪು ಆಕಿವ್ನಿ, ತುಳೀಬ್ಯಾಡ ಕಣ್ಲಾ."

ನಂಬಿದರೆ ನಂಬಿ, ರಾಗಿ ಗೇಣುದ್ದ ಎದ್ದಿತು. ನಕ್ಕವರೂ ಬದುವಿಗೆ ಬಂದು ನೋಡಿ ಹೋದರು. ಅಷ್ಟರಲ್ಲಿ ಕಾರ್ಖಾನೆಯವರು ತೊಟ್ಟಿಗಳನ್ನು ಮತ್ತೆ ಬರಿದು ಮಾಡಿದರು. ಪೈರಿನ ಬುಡಕ್ಕೆ ಬಿಳಿ ಉಪ್ಪು ಕಟ್ಟಿತು. ನೀನು ಮಾತು ಬಲ್ಲವನು, ಹೋಗಿ ಕೇಳು ಎಂದು ದೊಡ್ಡವ್ವ ನನ್ನನ್ನು ಕಳಿಸಿದಳು.

ಕಾರ್ಖಾನೆಯ ಸಾಹುಕಾರರು ಕೂರಿಸಿ ಕಾಫಿ ಕೊಟ್ಟರು, ಪೂರ್ತಿ ಕೇಳಿಸಿಕೊಂಡರು.

"ನೀರು ತಗ್ಗಿಗಲ್ದೆ ಇನ್ನೆಲ್ಲಿಗೆ ಹೋಗುತ್ತಪ್ಪ, ನೀನೇ ಹೇಳು" ಎಂದರು.

ಎಂಥೆಂಥ ದಲ್ಲಾಳಿಗಳನ್ನು ಬಗ್ಗಿಸಿದವನು ನಾನು. ಎದುರಿನವನಿಗೆ ನಮ್ಮಿಂದ ಏನಾದರೂ ಬೇಕಿದ್ದರೆ ತಾನೆ ವ್ಯಾಪಾರ ಕುದುರುವುದು? ಅವರಿಗೆ ನಮ್ಮಿಂದ ಏನೂ ಬೇಕಿರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ದೊಡ್ಡವ್ವ ಮತ್ತೆ ಮಣ್ಣು ತಂದಳು. ಅದರ ಮೇಲೂ ನೀರು ಹರಿಯಿತು. ಮತ್ತೂ ತಂದಳು... ಕೊನೆಗೆ ತವರಿನಲ್ಲೇ ಉಳಿದು, ಅಣ್ಣನ ಮನೆಯ ಜಗಲಿಯಲ್ಲಿ ತೀರಿಕೊಂಡಳು.

ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಮಣ್ಣಿಗೆ ಹಾಕುವ ಜೀವಾಣುಗಳನ್ನು ಈಗ ಪೊಟ್ಟಣ ಕಟ್ಟಿ ಮಾರುತ್ತಾರೆ. ಕೊಳ್ಳಿ, ಬೇಡವೆನ್ನುವುದಿಲ್ಲ, ಮೊದಲು ಮೇಲಿನಿಂದ ಏನು ಹರಿದು ಬರುತ್ತಿದೆ ನೋಡಿಕೊಳ್ಳಿ. ಹೋದ ವಾರ ಯಾರೋ ಆ ಹೊಲ ಕೊಳ್ಳಬಹುದೇ ಎಂದು ಕೇಳಿಕೊಂಡು ಬಂದಿದ್ದರು. ಇವತ್ತಿಗೂ ಅಲ್ಲಿ ಜಾಲಿ ಬಿಟ್ಟು ಬೇರೇನೂ ಹುಟ್ಟುವುದಿಲ್ಲ, ಬೇಡ ಎಂದೆ. ತಲೆಯಾಡಿಸಿ ಹೊರಟುಹೋದರು. ಆ ಮಾತಿಗೆ ನನ್ನನ್ನು ಬೈಯಲು ದೊಡ್ಡವ್ವ ಇರಲಿಲ್ಲ.