ಉಸಿರಿನ ಮಷೀನು ತರುತ್ತಿದ್ದ ಸಿಸ್ಟರ್

ಬೀದರಿನಿಂದ ಬಸ್ಸಿನಲ್ಲಿ ನಮ್ಮ ಔರಾದಿಗೆ ಬರುತ್ತಿದ್ದ ಆ ಸಿಸ್ಟರ್, ಊಟದ ಡಬ್ಬಿಯಷ್ಟಿದ್ದ ಮಷೀನನ್ನು ಎದೆಗವಚಿಕೊಂಡು ಇಳಿಯುತ್ತಿದ್ದರು. ನಿದ್ದೆಯಲ್ಲಿ ಉಸಿರು ಎಷ್ಟು ಸಲ ನಿಲ್ಲುತ್ತದೆಂದು ಅದು ದಾಖಲಿಸುತ್ತಿತ್ತು. ಯಾರ ಮನೆಗೆ ಹೋದರೂ ಎದೆಯ ಪಟ್ಟಿಯನ್ನೂ ಬೆರಳಿನ ಕ್ಲಿಪ್ಪನ್ನೂ ಮೊದಲು ತಾವೇ ಹಾಕಿಕೊಂಡು ತೋರಿಸುವರು. ಹೊರಡುವಾಗ ಒಂದೇ ಮಾತು: "ಮುಂಜಾನಿ ಬರ್ತೇನ್ರಿ."

ಮಳೆ ಕೈಕೊಟ್ಟ ವರ್ಷ ಅದು. ಹೈದರಾಬಾದಿಗೆ ದುಡಿಯಲು ಹೊರಟ ನಮ್ಮ ತಾಲ್ಲೂಕಿನ ಎಕಂಬಾ ಊರಿನ ಕುಟುಂಬಗಳನ್ನು ನಾನು ಟೆಂಪೊದಲ್ಲಿ ಒಯ್ಯುತ್ತಿದ್ದೆ. ಹಾಡಹಗಲೇ ಸ್ಟೇರಿಂಗ್ ಮುಂದೆ ತೂಕಡಿಕೆ ಬರುತ್ತಿತ್ತು. ಹೆಂಡತಿಯ ಕಾಟಕ್ಕೆ ಡಾಕ್ಟರಿಗೆ ತೋರಿಸಿದಾಗ ಅವರು ಈ ಪರೀಕ್ಷೆ ಬರೆದುಕೊಟ್ಟರು. ರೋಗ ಸಿಕ್ಕರೆ ಗಾಡಿ ಬಿಡಿಸುತ್ತಾರೆಂದು ಹೆದರಿ, ಸಿಸ್ಟರ್ ಬಿಟ್ಟುಹೋದ ಮಷೀನನ್ನು ಆ ರಾತ್ರಿ ಹೆಂಡತಿಗೇ ಕಟ್ಟಿ ಮಲಗಿಸಿದೆ.

ಮುಂಜಾನೆ ಸಿಸ್ಟರ್ ಬಂದು ಎದೆಯ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಅದರಲ್ಲಿ ಉದ್ದನೆಯ ಕೂದಲೊಂದು ಸಿಕ್ಕಿಕೊಂಡಿತ್ತು. ನನ್ನ ಬೋಳು ತಲೆಯನ್ನೊಮ್ಮೆ ನೋಡಿದರು.

"ಕಾಕಿ ಛಲೋ ಮಲಗ್ಯಾರ್ರಿ. ಇವತ್ತ ನಿಮ್ಮ ಪಾಳಿ, ಕಾಕಾ."

"ಇವತ್ತ ಗಾಡಿ ಹೊಂಟದವ್ವಾ. ಮಂದಿ ಗಂಟು ಕಟ್ಟಿ ಕುಂತಾರ."

"ಅದಕ್ಕ ಹೇಳ್ತೇನ್ರಿ. ಗಾಡ್ಯಾಗ ಮಕ್ಕಳು ಎಷ್ಟ ಅದಾವ?"

ನಾನು ಗಾಡಿಯ ಕೀಲಿ ಕೈಗೆತ್ತಿಕೊಂಡೆ.

"ಹನ್ನೊಂದು ಅದಾವ್ರಿ ಸಿಸ್ಟರ್ ಬಾಯಿ," ಎಂದಳು ಒಳಗಿನಿಂದ ಹೆಂಡತಿ.

ಸಿಸ್ಟರ್ ತಮ್ಮ ಬಸ್ಸನ್ನೂ ಬಿಟ್ಟು ಕಟ್ಟೆಯ ಮೇಲೆ ಕೂತರು. ನಾನು ಬೇರೆ ಡ್ರೈವರನನ್ನು ಗೊತ್ತುಮಾಡಿ, ಎಕಂಬಾಕ್ಕೆ ಹೋಗಿ, ಕಾಯುತ್ತಿದ್ದವರಿಗೆ ಕಾರಣ ಹೇಳಿ ಬರುವತನಕ ಏಳಲಿಲ್ಲ. ಹಿಂದಿನ ತಿಂಗಳು ಗಾಡಿ ರಸ್ತೆ ಬಿಟ್ಟು ಹೊಲಕ್ಕಿಳಿದಾಗ, ಎಮ್ಮೆ ಅಡ್ಡ ಬಂತೆಂದು ಆ ಊರಿನ ಮಂದಿಗೆ ಹೇಳಿದ್ದೆ. ಎಮ್ಮೆ ಇರಲಿಲ್ಲ, ನನಗೆ ನಿದ್ದೆ ಹತ್ತಿತ್ತೆಂದು ಈಗ ಅವರ ಮಕ್ಕಳ ಮುಂದೆಯೇ ಒಪ್ಪಿಕೊಂಡೆ.